ಐದು ಬಟ್ಟೆ, ಆರು ಉಡುಗೆ: ಕ್ಲೇರ್ ಮಕಾರ್ಡೆಲ್ ಬದುಕಿನ ಕಥೆ

ದುಡಿಯಲು ಹೊರಟ ಹೆಣ್ಣಿನ ಬೀರುವನ್ನು ಹಗುರಗೊಳಿಸಿದ ಅಮೆರಿಕದ ವಸ್ತ್ರವಿನ್ಯಾಸಕಿ

ಬೀರು ತುಂಬ ಬಟ್ಟೆಯಿದ್ದರೂ ಬೆಳಗ್ಗೆ ಕಚೇರಿಗೆ ಹೊರಡುವ ಹೊತ್ತಿಗೆ ಉಡಲು ಏನೂ ಇಲ್ಲವೆನಿಸುವುದು ದುಡಿಯುವ ಮಹಿಳೆಯರಿಗೆ ಹೊಸ ಅನುಭವವಲ್ಲ. ಹೆರಿಗೆ, ಮಕ್ಕಳ ಪಾಲನೆ ಅಥವಾ ಮನೆಯ ಬೇರೆ ಜವಾಬ್ದಾರಿಗಳಿಂದಾಗಿ ಕೆಲವು ವರ್ಷ ಉದ್ಯೋಗ ಬಿಟ್ಟು ಮತ್ತೆ ಕೆಲಸಕ್ಕೆ ಮರಳುವವರಿಗಂತೂ ಈ ತೊಡಕು ಇನ್ನಷ್ಟು ದೊಡ್ಡದು. ಹಳೆಯ ಉಡುಪು ಈಗಿನ ಮೈಗೆ ಹೊಂದುವುದಿಲ್ಲ. ಹೊಸದನ್ನು ರಾಶಿಯಾಗಿ ಕೊಳ್ಳೋಣವೆಂದರೆ ಮೊದಲ ಸಂಬಳ ಇನ್ನೂ ಕೈಸೇರಿರುವುದಿಲ್ಲ.

ಇದಕ್ಕೆ ಇಂದು ಎಲ್ಲರೂ ಹೇಳುವ ಪರಿಹಾರ ಒಂದೇ. ಒಂದಕ್ಕೊಂದು ಒಪ್ಪುವ ಕೆಲವೇ ಉಡುಪುಗಳನ್ನು ಆರಿಸಿಕೊಂಡು, ಅವುಗಳನ್ನೇ ಅದಲುಬದಲು ಮಾಡಿ ತೊಡುವುದು. ಒಂದೇ ಕಪ್ಪು ರವಿಕೆಯನ್ನು ನಾಲ್ಕು ಸೀರೆಗಳಿಗೆ ಹೊಂದಿಸುವ ನಮ್ಮ ಗೃಹಿಣಿಯರಿಗೆ ಈ ಜಾಣ್ಮೆಯನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಆದರೆ ಸಿದ್ಧ ಉಡುಪಿನ ಬಹುದೊಡ್ಡ ಮಾರುಕಟ್ಟೆಯಾದ ಅಮೆರಿಕದಲ್ಲಿ 1934ರಲ್ಲಿ ಇದೇ ವಿಚಾರವನ್ನು ವಿನ್ಯಾಸಕಿಯೊಬ್ಬರು ಮುಂದಿಟ್ಟಾಗ ಅಂಗಡಿಗಳು ಅದನ್ನು ಒಪ್ಪಲಿಲ್ಲ. ಬಿಡಿಬಿಡಿ ಬಟ್ಟೆಗಳನ್ನು ಹೀಗೆ ಮಾರುವುದು ಹೇಗೆಂಬುದೇ ಅವರಿಗೆ ತೋಚಲಿಲ್ಲ.

ಆ ವಿನ್ಯಾಸಕಿಯ ಹೆಸರು ಕ್ಲೇರ್ ಮಕಾರ್ಡೆಲ್. ಅಮೆರಿಕದ ಮಹಿಳೆಯರು ಜೇಬಿರುವ ಉಡುಪು ತೊಟ್ಟು, ಚಪ್ಪಟೆ ಅಟ್ಟೆಯ ಪಾದರಕ್ಷೆ ಮೆಟ್ಟಿ, ಯಾರ ನೆರವೂ ಇಲ್ಲದೆ ತಮ್ಮ ಬಟ್ಟೆಯನ್ನು ತಾವೇ ಧರಿಸಿ ಕೆಲಸಕ್ಕೆ ಹೊರಡುವಂತಾದುದರಲ್ಲಿ ಅವರ ಪಾಲು ದೊಡ್ಡದು. ಐವತ್ತೆರಡು ವರ್ಷಗಳ ಅವರ ಬದುಕಿನಲ್ಲಿ ಸೋಲು, ಕೆಲಸ ಕಳೆದುಕೊಳ್ಳುವಿಕೆ, ಮರಳಿ ಬರುವಿಕೆ ಎಲ್ಲವೂ ಇದ್ದವು.

ಫ್ರೆಡರಿಕ್‌ನ ಬಾಲಕಿ

ಕ್ಲೇರ್ ಜನಿಸಿದ್ದು 1905ರ ಮೇ 24ರಂದು, ಮೇರಿಲ್ಯಾಂಡ್ ರಾಜ್ಯದ ಫ್ರೆಡರಿಕ್ ಎಂಬ ಪಟ್ಟಣದಲ್ಲಿ. ರಾಜಧಾನಿ ವಾಷಿಂಗ್ಟನ್‌ಗೆ ಹೆಚ್ಚು ದೂರವಿಲ್ಲದ ಈ ಊರಿನಲ್ಲಿ ಅವರ ಕುಟುಂಬಕ್ಕೆ ಒಳ್ಳೆಯ ಹೆಸರಿತ್ತು. ತಂದೆ ಬ್ಯಾಂಕೊಂದರ ಮುಖ್ಯಸ್ಥರು, ರಾಜ್ಯದ ಸೆನೆಟ್ ಸದಸ್ಯರೂ ಆಗಿದ್ದವರು. ಕ್ಲೇರ್ ಮನೆಯ ಹಿರಿಯ ಮಗಳು. ಆಕೆಯ ಬೆನ್ನಿಗೆ ಮೂವರು ತಮ್ಮಂದಿರು.

ಆ ಬಾಲಕಿಗೆ ಬಟ್ಟೆಯ ಹುಚ್ಚು ಹಿಡಿದದ್ದು ತಾಯಿ ತರಿಸುತ್ತಿದ್ದ ಫ್ಯಾಷನ್ ಪತ್ರಿಕೆಗಳಿಂದ. ಅವುಗಳಲ್ಲಿನ ಚಿತ್ರಗಳನ್ನು ಕತ್ತರಿಸಿ, ಒಂದು ಬೊಂಬೆಯ ತೋಳನ್ನು ಇನ್ನೊಂದರ ಮೈಗೆ, ಒಂದರ ಲಂಗವನ್ನು ಮತ್ತೊಂದರ ಸೊಂಟಕ್ಕೆ ಸೇರಿಸಿ ಆಡುವುದು ಅವಳ ನೆಚ್ಚಿನ ಆಟ. ಮನೆಗೆ ಬಂದು ಬಟ್ಟೆ ಹೊಲಿದುಕೊಡುತ್ತಿದ್ದ ಮಹಿಳೆಯ ಪಕ್ಕದಲ್ಲಿ ಕುಳಿತು ಕತ್ತರಿ, ದಾರ, ಅಳತೆಗಳ ಲೆಕ್ಕವನ್ನೂ ಕಲಿತಳು.

ತಮ್ಮಂದಿರೊಡನೆ ಓಡಾಡುತ್ತಾ ಬೆಳೆದ ಅವಳಿಗೆ ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಹುಡುಗರ ಬಟ್ಟೆಗೆ ಜೇಬುಗಳಿದ್ದವು. ಆ ಬಟ್ಟೆ ತೊಟ್ಟು ಮರ ಹತ್ತಬಹುದಿತ್ತು, ಬಿದ್ದರೂ ಹರಿಯುತ್ತಿರಲಿಲ್ಲ. ಹುಡುಗಿಯರ ಫ್ರಾಕಿಗೆ ಈ ಸೌಕರ್ಯ ಯಾವುದೂ ಇರಲಿಲ್ಲ. ಮುಂದೆ ಅವರು ಹೊಲಿಸಿದ ಉಡುಪುಗಳಲ್ಲಿ ಆಳವಾದ ಜೇಬು, ಗಂಡಸರ ದುಡಿಮೆಯ ಬಟ್ಟೆಗೆ ಬಳಸುವ ಗಟ್ಟಿ ಅರಿವೆ, ಹೊರಗೆ ಎದ್ದು ಕಾಣುವ ಜೋಡಿ ಹೊಲಿಗೆ ಇವೆಲ್ಲ ಕಾಣಿಸಿಕೊಂಡದ್ದು ಆಕಸ್ಮಿಕವಲ್ಲ.

ಶಾಲೆ ಮುಗಿದೊಡನೆ ನ್ಯೂಯಾರ್ಕ್‌ಗೆ ಹೋಗಿ ವಸ್ತ್ರವಿನ್ಯಾಸ ಕಲಿಯಬೇಕೆಂಬುದು ಕ್ಲೇರ್ ಅವರ ಹಂಬಲ. ಅಷ್ಟು ಚಿಕ್ಕ ವಯಸ್ಸಿನ ಮಗಳನ್ನು ಮಹಾನಗರಕ್ಕೆ ಕಳುಹಿಸಲು ತಂದೆಗೆ ಮನಸ್ಸಿರಲಿಲ್ಲ. ಹೀಗಾಗಿ ಊರಿನಲ್ಲೇ ಇದ್ದ ಹುಡ್ ಮಹಿಳಾ ಕಾಲೇಜಿನಲ್ಲಿ ಗೃಹವಿಜ್ಞಾನಕ್ಕೆ ಸೇರಿದರು. ಎರಡು ವರ್ಷ ಹೇಗೋ ಕಳೆದವು. ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ. ಕಡೆಗೆ ಮನೆಯವರು ಒಪ್ಪಿದರು. ಇಂದು ಪಾರ್ಸನ್ಸ್ ಎಂದು ಪ್ರಸಿದ್ಧವಾಗಿರುವ ನ್ಯೂಯಾರ್ಕ್‌ನ ಕಲಾಶಾಲೆಗೆ ಅವರು ಸೇರಿದರು.

ಪ್ಯಾರಿಸ್ ಕಲಿಸಿದ ಪಾಠ

ಆ ಶಾಲೆಗೆ ಪ್ಯಾರಿಸ್‌ನಲ್ಲಿಯೂ ಒಂದು ಕಲಿಕಾ ಕೇಂದ್ರವಿತ್ತು. 1926ರಲ್ಲಿ ಕ್ಲೇರ್ ಅಲ್ಲಿಗೆ ತೆರಳಿದರು. ಫ್ಯಾಷನ್ ಜಗತ್ತಿಗೆ ಆಗ ಪ್ಯಾರಿಸ್ ಒಂದೇ ರಾಜಧಾನಿ. ಅಲ್ಲಿನ ಮನೆತನಗಳು ಏನು ಹೊಲಿಯುತ್ತವೆಯೋ ಅದನ್ನೇ ಲೋಕವೆಲ್ಲ ಅನುಸರಿಸುತ್ತಿತ್ತು.

ಋತು ಮುಗಿದ ಮೇಲೆ ಪ್ಯಾರಿಸ್‌ನ ವಿನ್ಯಾಸ ಮನೆಗಳು ತಮ್ಮ ಮಾದರಿ ಉಡುಪುಗಳನ್ನು ಅಗ್ಗದ ಬೆಲೆಗೆ ಮಾರುತ್ತಿದ್ದವು. ಕ್ಲೇರ್ ಮತ್ತು ಅವರ ಗೆಳತಿಯರು ಅಂಥವನ್ನು ಹುಡುಕಿ ಕೊಳ್ಳುತ್ತಿದ್ದರು. ಕೊಂಡದ್ದು ತೊಡುವುದಕ್ಕೆ ಮಾತ್ರವಲ್ಲ, ಹೊಲಿಗೆ ಬಿಚ್ಚಿ ನೋಡುವುದಕ್ಕೂ ಹೌದು. ಅವರನ್ನು ಹೆಚ್ಚು ಸೆಳೆದದ್ದು ಮಾಡ್ಲೆನ್ ವಿಯೊನೆ ಅವರ ಉಡುಪುಗಳು. ವಿಯೊನೆ ಬಟ್ಟೆಯನ್ನು ನೂಲಿನ ನೇರಕ್ಕೆ ಕತ್ತರಿಸದೆ ಓರೆಯಾಗಿ ಕತ್ತರಿಸುತ್ತಿದ್ದರು. ಓರೆಗೆ ಕತ್ತರಿಸಿದ ಬಟ್ಟೆಗೆ ಹಿಗ್ಗುವ ಗುಣ ಬರುತ್ತದೆ. ಒಳಗೆ ಬಿಗಿಕಟ್ಟು ಇಲ್ಲದೆಯೂ ಅದು ಮೈಯ ಆಕಾರಕ್ಕೆ ಒಲಿದು ನಿಲ್ಲುತ್ತದೆ.

ಒಂದೊಂದೇ ಹೊಲಿಗೆ ಬಿಚ್ಚಿ, ಬಟ್ಟೆಯ ತುಂಡುಗಳನ್ನು ನೆಲದ ಮೇಲೆ ಹರಡಿ, ಮತ್ತೆ ಸೇರಿಸಿ ಕ್ಲೇರ್ ಕಲಿತ ಪಾಠ ಅವರ ಜೀವನದ ಬಂಡವಾಳವಾಯಿತು. ಉಡುಪಿನ ಅಂದ ಅದರ ಮೇಲೆ ಹಚ್ಚಿದ ಅಲಂಕಾರದಲ್ಲಿಲ್ಲ, ಕತ್ತರಿಸಿದ ಬಗೆಯಲ್ಲಿದೆ ಎಂಬುದು ಆ ಪಾಠದ ಸಾರ.

ಅರ್ಧಕ್ಕೆ ನಿಂತ ಸಂಗ್ರಹ

1928ರಲ್ಲಿ ಓದು ಮುಗಿಯಿತು. ಉದ್ಯೋಗ ಸುಲಭಕ್ಕೆ ಸಿಗಲಿಲ್ಲ. ದೀಪದ ಕಾಗದದ ಮುಸುಕುಗಳ ಮೇಲೆ ಗುಲಾಬಿ ಹೂ ಬಿಡಿಸುವ ಕೆಲಸ ಮಾಡಿದರು. ಅಂಗಡಿಯೊಂದರಲ್ಲಿ ಉಡುಪು ತೊಟ್ಟು ಗಿರಾಕಿಗಳ ಮುಂದೆ ನಡೆದರು. ಹೆಣೆದ ಉಡುಪು ತಯಾರಿಸುವ ಕಂಪನಿಯೊಂದರಲ್ಲಿ ವಿನ್ಯಾಸಕಿಯ ಕೆಲಸ ದೊರೆತರೂ ಕೆಲವೇ ತಿಂಗಳಲ್ಲಿ ಅದು ಕೈತಪ್ಪಿತು. 1929ರ ಶೇರುಪೇಟೆ ಕುಸಿತದ ಬಳಿಕ ನ್ಯೂಯಾರ್ಕ್‌ನಲ್ಲಿ ಕೆಲಸ ಹುಡುಕುವುದು ಇನ್ನೂ ಕಠಿಣವಾಗಿತ್ತು.

ಈ ಹೊತ್ತಿನಲ್ಲಿ ರಾಬರ್ಟ್ ಟರ್ಕ್ ಎಂಬ ವಿನ್ಯಾಸಕರು ಕ್ಲೇರ್ ಅವರನ್ನು ಸಹಾಯಕಿಯಾಗಿ ತೆಗೆದುಕೊಂಡರು. ಟರ್ಕ್ ಅವರು ತಮ್ಮ ಸ್ವಂತ ವ್ಯವಹಾರ ಮುಚ್ಚಿ ಟೌನ್ಲಿ ಫ್ರಾಕ್ಸ್ ಎಂಬ ಸಿದ್ಧ ಉಡುಪು ಕಂಪನಿಗೆ ಹೋದಾಗ ಸಹಾಯಕಿಯನ್ನೂ ಜತೆಗೆ ಕರೆದೊಯ್ದರು. ನ್ಯೂಯಾರ್ಕ್‌ನ ಉಡುಪು ಉದ್ಯಮದ ಕೇಂದ್ರವಾದ ಸೆವೆಂತ್ ಅವೆನ್ಯೂ ಕ್ಲೇರ್ ಅವರ ಕಾರ್ಯಕ್ಷೇತ್ರವಾದದ್ದು ಹೀಗೆ.

1932ರಲ್ಲಿ ಅನಿರೀಕ್ಷಿತ ದುರಂತ ಸಂಭವಿಸಿತು. ಟರ್ಕ್ ನೀರಿನಲ್ಲಿ ಮುಳುಗಿ ಮೃತಪಟ್ಟರು. ಮುಂದಿನ ಋತುವಿನ ಸಂಗ್ರಹ ಅರ್ಧ ಮಾತ್ರ ಸಿದ್ಧವಾಗಿತ್ತು. ಗಡುವು ಹತ್ತಿರವಿತ್ತು. ಉಳಿದರ್ಧವನ್ನು ಪೂರ್ಣಗೊಳಿಸುವ ಹೊಣೆ 27ರ ಹರೆಯದ ಸಹಾಯಕಿಯ ಹೆಗಲಿಗೆ ಬಿತ್ತು. ಅವರು ಅದನ್ನು ಮುಗಿಸಿಕೊಟ್ಟರು. ಅದರೊಂದಿಗೆ ಟೌನ್ಲಿಯ ಮುಖ್ಯ ವಿನ್ಯಾಸಕಿಯೂ ಆದರು.

ಆದರೆ ಆ ಹುದ್ದೆಯ ಅರ್ಥ ಇಂದಿನಂತಿರಲಿಲ್ಲ. ಸೆವೆಂತ್ ಅವೆನ್ಯೂ ವಿನ್ಯಾಸಕರು ಮಾಡುತ್ತಿದ್ದ ಕೆಲಸ ಬಹುಪಾಲು ನಕಲು. ವರ್ಷಕ್ಕೆ ಎರಡು ಬಾರಿ ಪ್ಯಾರಿಸ್‌ಗೆ ಹೋಗಬೇಕು, ಅಲ್ಲಿನ ಉಡುಪುಗಳನ್ನು ನೋಡಿ ಗೆರೆ ಎಳೆದುಕೊಂಡು ಬರಬೇಕು, ಅವುಗಳನ್ನೇ ಅಗ್ಗವಾಗಿ ಹೊಲಿಸಿ ಮಾರಬೇಕು. ಅಂಗಿಯ ಕೊರಳ ಪಟ್ಟಿಯ ಮೇಲೆ ಇರುತ್ತಿದ್ದದ್ದು ಕಂಪನಿಯ ಅಥವಾ ಅಂಗಡಿಯ ಹೆಸರು. ಅದನ್ನು ರೂಪಿಸಿದವರು ಯಾರೆಂಬುದು ಕೊಳ್ಳುವವರಿಗೆ ತಿಳಿಯುತ್ತಲೇ ಇರಲಿಲ್ಲ.

ಐದು ಬಟ್ಟೆಗಳ ಗಣಿತ

ಈ ಪ್ರಯಾಣಗಳೇ ಕ್ಲೇರ್ ಅವರ ಬಹುದೊಡ್ಡ ಆಲೋಚನೆಗೆ ಬೀಜವಾದವು. ಹಡಗಿನಲ್ಲಿ ಅಟ್ಲಾಂಟಿಕ್ ದಾಟಿ ಹೋಗಿಬರುವ ಸಾಹುಕಾರ ಮಹಿಳೆಯರು ದೊಡ್ಡ ದೊಡ್ಡ ಪೆಟ್ಟಿಗೆಗಳನ್ನು ಹೊತ್ತು ತರುತ್ತಿದ್ದರು. ಬೆಳಗಿಗೊಂದು ಉಡುಪು, ಸಂಜೆಗೊಂದು, ಭೋಜನಕ್ಕೊಂದು. ದುಡಿದು ತಿನ್ನುವ ಹೆಣ್ಣಿಗೆ ಅಷ್ಟು ಉಡುಪನ್ನು ಕೊಳ್ಳುವ ಶಕ್ತಿಯೂ ಇಲ್ಲ, ಹೊರುವ ಆಳುಗಳೂ ಇಲ್ಲ.

ಕ್ಲೇರ್ ತಮಗಾಗಿ ಬೇರೊಂದು ದಾರಿ ಕಂಡುಕೊಂಡರು. ಒಂದೇ ಬಗೆಯ ಉಣ್ಣೆಯ ಜರ್ಸಿ ಬಟ್ಟೆಯಲ್ಲಿ ಬಿಡಿಬಿಡಿ ಉಡುಪುಗಳನ್ನು ಹೊಲಿದುಕೊಂಡರು. ಜರ್ಸಿ ಸುಲಭವಾಗಿ ಸುಕ್ಕುಗಟ್ಟುವುದಿಲ್ಲ. ಮಡಚಿಟ್ಟರೆ ಸ್ವಲ್ಪವೇ ಜಾಗ ಹಿಡಿಯುತ್ತದೆ.

1934ರಲ್ಲಿ ಇದನ್ನೇ ಅವರು ಮಾರಾಟದ ಸಂಗ್ರಹವಾಗಿ ರೂಪಿಸಿದರು. ಅದರಲ್ಲಿದ್ದದ್ದು ಒಟ್ಟು ಐದು ಬಟ್ಟೆಗಳು. ಮೈ ಮುಚ್ಚುವ ಒಂದು ಮೇಲುಡುಪು, ಬೆನ್ನು ಬಿಟ್ಟು ಕೊರಳಿಗೆ ಕಟ್ಟುವ ಇನ್ನೊಂದು ಮೇಲುಡುಪು, ಒಂದು ಗಿಡ್ಡ ಲಂಗ, ಒಂದು ಉದ್ದ ಲಂಗ, ಲಂಗದಂತೆ ಕಾಣುವ ಅಗಲ ಕಾಲಿನ ಒಂದು ಷರಾಯಿ.

ಲೆಕ್ಕ ಸರಳ. ಎರಡು ಮೇಲುಡುಪುಗಳನ್ನು ಮೂರು ಕೆಳ ಉಡುಪುಗಳೊಂದಿಗೆ ಹೊಂದಿಸಿದರೆ ಆರು ಉಡುಗೆಗಳಾಗುತ್ತವೆ. ಮೈ ಮುಚ್ಚುವ ಮೇಲುಡುಪು ಮತ್ತು ಗಿಡ್ಡ ಲಂಗ ಕಚೇರಿಗೆ. ಅದೇ ಮೇಲುಡುಪಿಗೆ ಷರಾಯಿ ಸೇರಿಸಿದರೆ ಪ್ರಯಾಣಕ್ಕೆ. ಕೊರಳಿಗೆ ಕಟ್ಟುವ ಮೇಲುಡುಪು ಮತ್ತು ಉದ್ದ ಲಂಗ ರಾತ್ರಿಯ ಔತಣಕ್ಕೆ. ಆರನೆಯದೊಂದು ಬಟ್ಟೆ, ಅಂದರೆ ಇನ್ನೊಂದೇ ಒಂದು ಮೇಲುಡುಪು ಸೇರಿಸಿದರೂ ಸಾಕು, ಆರು ಉಡುಗೆ ಒಂಬತ್ತಾಗುತ್ತದೆ. ಹೆಚ್ಚು ಕೊಂಡಷ್ಟೂ ಹೆಚ್ಚು ಉಡುಗೆ ಎಂಬ ಮಾರುಕಟ್ಟೆಯ ನಂಬಿಕೆಯನ್ನು ಈ ಗಣಿತ ತಲೆಕೆಳಗು ಮಾಡಿತು. ಎಷ್ಟು ಬಟ್ಟೆಯಿದೆ ಎಂಬುದಕ್ಕಿಂತ ಅವು ಒಂದಕ್ಕೊಂದು ಎಷ್ಟು ಒಪ್ಪುತ್ತವೆ ಎಂಬುದೇ ಮುಖ್ಯವಾಯಿತು.

ಈ ಒಪ್ಪಿಗೆಯ ಗುಟ್ಟು ಅಡಗಿದ್ದದ್ದು ಬಟ್ಟೆಯ ಆಯ್ಕೆಯಲ್ಲಿ. ಎಲ್ಲಕ್ಕೂ ಒಂದೇ ಅರಿವೆ, ಒಂದಕ್ಕೊಂದು ಜಗಳವಾಡದ ಬಣ್ಣ, ಸರಳ ಕತ್ತರಿಕೆ. ಯಾವುದೋ ಒಂದರ ಮೇಲೆ ಭಾರೀ ಕಸೂತಿ ಅಥವಾ ಕಣ್ಣಿಗೆ ರಾಚುವ ಬಣ್ಣ ಬಂತೆಂದರೆ ಅದು ಉಳಿದವುಗಳೊಡನೆ ಕೂಡುವುದಿಲ್ಲ, ಇಡೀ ಲೆಕ್ಕ ಕುಸಿಯುತ್ತದೆ.

ಆದರೆ ದೊಡ್ಡ ಅಂಗಡಿಗಳು ಇದನ್ನು ಕೊಳ್ಳಲು ಹಿಂಜರಿದವು. ಉಡುಪೆಂದರೆ ತಲೆಯಿಂದ ಕಾಲಿನವರೆಗೆ ಒಂದೇ ಜೋಡಿಯಾಗಿ ಮಾರುವ ಸರಕು ಎಂಬ ಅಭ್ಯಾಸ ಅಲ್ಲಿ ಬೇರೂರಿತ್ತು. ಬಿಡಿ ಬಟ್ಟೆಗಳನ್ನು ಯಾವ ವಿಭಾಗದಲ್ಲಿ ಇಡಬೇಕು, ಗಿರಾಕಿಗೆ ಹೇಗೆ ತೋರಿಸಬೇಕು ಎಂಬುದು ಅವರಿಗೆ ಅರ್ಥವಾಗಲಿಲ್ಲ. ಐದು ಬಟ್ಟೆಗಳ ಆಲೋಚನೆ ತನ್ನ ಕಾಲಕ್ಕಾಗಿ ಇನ್ನೂ ಕೆಲವು ವರ್ಷ ಕಾಯಬೇಕಾಯಿತು.

ಗೆಲುವೇ ಮುಳುವಾದಾಗ

ಕ್ಲೇರ್ ಅವರಿಗೆ ಮೊದಲ ದೊಡ್ಡ ಯಶಸ್ಸು ತಂದದ್ದು 1938ರ ಒಂದು ಉಡುಪು. ಕಲಾವಿದರ ವೇಷದ ಕೂಟವೊಂದಕ್ಕೆ ಅವರು ಅಲ್ಜೀರಿಯಾ ಶೈಲಿಯ ನಿಲುವಂಗಿಯೊಂದನ್ನು ಮಾಡಿಕೊಂಡಿದ್ದರು. ಅದನ್ನೇ ಆಧರಿಸಿ ಹೊಸ ಉಡುಪೊಂದು ಹುಟ್ಟಿತು. ಭುಜದಿಂದ ನೇರ ಕೆಳಗೆ ಇಳಿಬಿದ್ದ ಬಟ್ಟೆ, ಸೊಂಟದಲ್ಲಿ ಹೊಲಿಗೆಯೇ ಇಲ್ಲ. ಮೊಳೆಗೆ ತೂಗುಹಾಕಿದರೆ ಆಕಾರವಿಲ್ಲದ ಚೀಲದಂತೆ ಕಾಣುತ್ತಿತ್ತು. ತೊಟ್ಟವರು ಪಟ್ಟಿ ಕಟ್ಟಿಕೊಂಡೊಡನೆ ಅದಕ್ಕೆ ಅವರವರ ಮೈಯ ಆಕಾರ ಬರುತ್ತಿತ್ತು. ಸನ್ಯಾಸಿಗಳ ನಿಲುವಂಗಿಯನ್ನು ನೆನಪಿಸುವ ಈ ಉಡುಪಿಗೆ ಮೊನಾಸ್ಟಿಕ್ ಎಂಬ ಹೆಸರು ನಿಂತಿತು.

ಬೆಸ್ಟ್ ಅಂಡ್ ಕಂಪನಿ ಎಂಬ ಅಂಗಡಿಯ ಖರೀದಿದಾರರ ಕಣ್ಣಿಗೆ ಇದು ಬಿತ್ತು. ಅವರು ನೂರು ಉಡುಪುಗಳಿಗೆ ಬೇಡಿಕೆಯಿಟ್ಟರು. ಬಂದ ಸರಕು ನೋಡನೋಡುತ್ತಲೇ ಖಾಲಿಯಾಯಿತು. ಸೊಂಟವನ್ನು ಎಲ್ಲಿ ಎಷ್ಟು ಬಿಗಿಯಬೇಕೆಂಬುದನ್ನು ದರ್ಜಿಯಲ್ಲ, ತೊಡುವವಳೇ ನಿರ್ಧರಿಸುವ ಸ್ವಾತಂತ್ರ್ಯ ಅಮೆರಿಕದ ಮಹಿಳೆಯರಿಗೆ ಹಿಡಿಸಿತು. ತೆಳುವಾದವರಿಗೂ ದಪ್ಪನೆಯವರಿಗೂ, ಹೆರಿಗೆಯ ನಂತರ ಮೈ ಬದಲಾದವರಿಗೂ ಅದು ಒಪ್ಪುತ್ತಿತ್ತು.

ಈ ಗೆಲುವೇ ಕಂಪನಿಗೆ ಮುಳುವಾಯಿತು. ಅಮೆರಿಕದ ಕಾನೂನಿನಲ್ಲಿ ಉಡುಪಿನ ವಿನ್ಯಾಸಕ್ಕೆ ಗಟ್ಟಿಯಾದ ರಕ್ಷಣೆಯಿರಲಿಲ್ಲ. ಸೆವೆಂತ್ ಅವೆನ್ಯೂ ಉದ್ದಕ್ಕೂ ಮೊನಾಸ್ಟಿಕ್ ಉಡುಪಿನ ನಕಲುಗಳು ಇನ್ನೂ ಅಗ್ಗದ ಬೆಲೆಗೆ ಬಿಕರಿಯಾದವು. ನಕಲುಗಾರರೊಡನೆ ಹೋರಾಡಿ ಬಸವಳಿದ ಟೌನ್ಲಿ ಕಡೆಗೆ ಬಾಗಿಲು ಮುಚ್ಚಿತು. ದೇಶವೆಲ್ಲ ತಾವು ರೂಪಿಸಿದ ಉಡುಪನ್ನು ತೊಟ್ಟು ಓಡಾಡುತ್ತಿದ್ದಾಗ ಅದರ ಕರ್ತೃ ನಿರುದ್ಯೋಗಿಯಾಗಿದ್ದರು.

ಬಳಿಕ ಕ್ಲೇರ್ ಶ್ರೀಮಂತ ಗಿರಾಕಿಗಳಿಗೆ ಹೆಸರಾದ ಹ್ಯಾಟಿ ಕಾರ್ನೆಗಿ ಅವರ ಸಂಸ್ಥೆಯನ್ನು ಸೇರಿದರು. ಅಲ್ಲಿ ದುಬಾರಿ ಬೆಲೆ ತೆರುವ ಮಹಿಳೆಯರಿಗೆ ಕ್ಲೇರ್ ಅವರ ಉಡುಪುಗಳು ತೀರಾ ಸಪ್ಪೆಯೆನಿಸಿದವು. ಅಷ್ಟು ಹಣ ಕೊಟ್ಟು ಇಷ್ಟು ಸರಳವಾದುದನ್ನು ಕೊಳ್ಳಲು ಅವರು ಸಿದ್ಧರಿರಲಿಲ್ಲ. ಆದರೂ ಅಲ್ಲಿದ್ದ ಕಾಲ ವ್ಯರ್ಥವಾಗಲಿಲ್ಲ. ಹಾರ್ಪರ್ಸ್ ಬಜಾರ್ ಪತ್ರಿಕೆಯ ಡಯಾನಾ ವ್ರೀಲ್ಯಾಂಡ್ ಅವರ ಗಮನ ಕ್ಲೇರ್ ಕಡೆಗೆ ಹರಿದದ್ದು ಆ ದಿನಗಳಲ್ಲಿ.

ಮರಳಿ ಕೆಲಸಕ್ಕೆ, ಸ್ವಂತ ಹೆಸರಿನಲ್ಲಿ

1940ರಲ್ಲಿ ಟೌನ್ಲಿ ಮತ್ತೆ ತೆರೆಯಿತು. ಅಡಾಲ್ಫ್ ಕ್ಲೈನ್ ಎಂಬ ಹೊಸ ಪಾಲುದಾರರು ಬಂದಿದ್ದರು. ಕ್ಲೇರ್ ಅವರಿಗೆ ಕರೆ ಹೋಯಿತು. ಅವರು ಮರಳಿದರು, ಆದರೆ ಹಿಂದಿನಂತೆ ಅನಾಮಿಕರಾಗಿ ಅಲ್ಲ. ಉಡುಪಿನ ಪಟ್ಟಿಯ ಮೇಲೆ ಇನ್ನು ಮುಂದೆ ಅವರ ಹೆಸರು ಮೊದಲು, ಕಂಪನಿಯ ಹೆಸರು ನಂತರ. ಸೆವೆಂತ್ ಅವೆನ್ಯೂನಲ್ಲಿ ಸಂಬಳಕ್ಕೆ ದುಡಿಯುವ ವಿನ್ಯಾಸಕಿಗೆ ಇಂಥ ಗೌರವ ಅಪರೂಪವಾಗಿತ್ತು. ಹೊಸ ಸಂಗ್ರಹವನ್ನು ಪ್ಯಾರಿಸ್‌ನ ನಕಲಾಗಿ ಅಲ್ಲದೆ ತಮ್ಮ ಮನಸ್ಸಿನಂತೆ ರೂಪಿಸುವ ಸ್ವಾತಂತ್ರ್ಯವೂ ಅವರಿಗೆ ದೊರೆಯಿತು.

ಇತಿಹಾಸವೂ ಅವರ ನೆರವಿಗೆ ಬಂತು. 1940ರ ಜೂನ್‌ನಲ್ಲಿ ಜರ್ಮನ್ ಸೇನೆ ಪ್ಯಾರಿಸ್ಸನ್ನು ವಶಪಡಿಸಿಕೊಂಡಿತು. ನಕಲು ಮಾಡಲು ನ್ಯೂಯಾರ್ಕ್‌ಗೆ ಮೂಲವೇ ಇಲ್ಲವಾಯಿತು. ಅಮೆರಿಕದ ಅಂಗಡಿಗಳು ಅನಿವಾರ್ಯವಾಗಿ ತಮ್ಮದೇ ನೆಲದ ವಿನ್ಯಾಸಕರತ್ತ ನೋಡಿದವು. ಲಾರ್ಡ್ ಅಂಡ್ ಟೇಲರ್ ಅಂಗಡಿಯ ಡೊರೊಥಿ ಶೇವರ್ ಅಮೆರಿಕದ ವಿನ್ಯಾಸಕರ ಹೆಸರುಗಳನ್ನು ಮುನ್ನೆಲೆಗೆ ತರುವ ಕೆಲಸವನ್ನು ಮೊದಲಿನಿಂದಲೂ ಮಾಡುತ್ತಿದ್ದರು. ಅಂಥವರ ಬೆಂಬಲ ಕ್ಲೇರ್ ಅವರಿಗೆ ದೊರೆಯಿತು. ಹಿಂದೆ ಯಾರಿಗೂ ಬೇಡವಾಗಿದ್ದ ಬಿಡಿ ಬಟ್ಟೆಗಳು ಈಗ ಅಂಗಡಿಗಳ ಮುಂಗಟ್ಟೆಗೆ ಬಂದವು.

ಯುದ್ಧಕಾಲದ ಉಡುಪು

ಅಮೆರಿಕ ಯುದ್ಧಕ್ಕಿಳಿದ ಮೇಲೆ ಗಂಡಸರು ರಣರಂಗಕ್ಕೆ ಹೋದರು. ಅವರ ಜಾಗಕ್ಕೆ ಕಾರ್ಖಾನೆ, ಕಚೇರಿ, ಸಾರಿಗೆ ಎಲ್ಲೆಡೆ ಹೆಂಗಸರು ಬಂದರು. ಯುದ್ಧದ ವರ್ಷಗಳಲ್ಲಿ ಹೀಗೆ ಹೊಸದಾಗಿ ಉದ್ಯೋಗಕ್ಕೆ ಸೇರಿದ ಅಮೆರಿಕದ ಮಹಿಳೆಯರ ಸಂಖ್ಯೆ ಸುಮಾರು 60 ಲಕ್ಷ. ಅವರಲ್ಲಿ ಎಷ್ಟೋ ಮಂದಿ ಮದುವೆಯ ನಂತರ ಕೆಲಸ ಬಿಟ್ಟು ಮನೆಯಲ್ಲಿದ್ದವರು.

ಮನೆಗೆಲಸದವರೂ ಹೆಚ್ಚು ಸಂಬಳದ ಯುದ್ಧ ಕಾರ್ಖಾನೆಗಳಿಗೆ ಹೊರಟುಹೋದರು. ತಮ್ಮ ಮನೆಯ ಕಸಮುಸುರೆಯನ್ನು ತಾವೇ ಮಾಡಿಕೊಳ್ಳಬೇಕಾಗಿ ಬಂದ ಗೃಹಿಣಿಯರಿಗೆ ಒಪ್ಪುವ ಉಡುಪೊಂದು ಬೇಕೆಂದು ಹಾರ್ಪರ್ಸ್ ಬಜಾರ್ ಬಯಸಿತು. 1942ರಲ್ಲಿ ಕ್ಲೇರ್ ಅದಕ್ಕೆ ಉತ್ತರವಾಗಿ ಕೊಟ್ಟದ್ದು ಪಾಪ್‌ಓವರ್ ಉಡುಪು. ಮುಂದಿನಿಂದ ಸುತ್ತಿ ಕಟ್ಟಿಕೊಳ್ಳುವ ಸಡಿಲವಾದ ಉಡುಗೆ ಅದು. ಅದಕ್ಕೊಂದು ದೊಡ್ಡ ಜೇಬು. ಒಲೆಯ ಮೇಲಿನ ಬಿಸಿ ಪಾತ್ರೆ ಹಿಡಿಯಲು ಅದೇ ಬಟ್ಟೆಯ ಕೈಗವಸೂ ಜತೆಗೆ ಬರುತ್ತಿತ್ತು. ಇದನ್ನು ಮನೆಗೆಲಸಕ್ಕೆ ತೊಡಬಹುದಿತ್ತು, ಒಳ್ಳೆಯ ಉಡುಪು ಕೊಳೆಯಾಗದಂತೆ ಅದರ ಮೇಲೆ ಹಾಕಿಕೊಳ್ಳಬಹುದಿತ್ತು, ಬಂದ ಅತಿಥಿಗಳ ಮುಂದೆಯೂ ಸಂಕೋಚವಿಲ್ಲದೆ ನಿಲ್ಲಬಹುದಿತ್ತು.

ಇದರ ಬೆಲೆ 6.95 ಡಾಲರ್. ಸರ್ಕಾರದ ನಿಯಮಗಳಡಿ ಇದನ್ನು ಕೆಲಸದ ಉಡುಪೆಂದು ವರ್ಗೀಕರಿಸಿದ್ದರಿಂದ ಇಷ್ಟು ಕಡಿಮೆ ಬೆಲೆಗೆ ಕೊಡುವುದು ಸಾಧ್ಯವಾಯಿತು. ಮೊದಲ ಋತುವಿನಲ್ಲಿಯೇ 75 ಸಾವಿರ ಉಡುಪುಗಳು ಮಾರಾಟವಾದವು. ನಂತರದ ಸಂಗ್ರಹಗಳಲ್ಲಿಯೂ ಕ್ಲೇರ್ ಇದರ ಹೊಸ ಹೊಸ ರೂಪಗಳನ್ನು ತರುತ್ತಲೇ ಹೋದರು.

ಅದೇ ವರ್ಷ ಅಮೆರಿಕ ಸರ್ಕಾರ ಬಟ್ಟೆಯ ಬಳಕೆಗೆ ಕಡಿವಾಣ ಹಾಕಿತು. ಲಂಗದ ಉದ್ದ, ಸುತ್ತಳತೆ ಎಲ್ಲಕ್ಕೂ ಮಿತಿ ಬಂತು. ಉಣ್ಣೆ, ರೇಷ್ಮೆ ಸೇನೆಗೆ ಮೀಸಲಾದವು. ಅಲಂಕಾರವನ್ನೇ ನೆಚ್ಚಿಕೊಂಡಿದ್ದವರಿಗೆ ಇದು ಬಿಕ್ಕಟ್ಟು. ಕ್ಲೇರ್ ಅವರಿಗೆ ಮಾತ್ರ ಹಳೆಯ ಪರಿಚಯದ ದಾರಿ. ಡೆನಿಮ್, ಹಾಸಿಗೆಯ ಹೊದಿಕೆಗೆ ಬಳಸುವ ಪಟ್ಟೆ ಬಟ್ಟೆ, ಚೌಕಳಿಯ ಹತ್ತಿ ಬಟ್ಟೆ ಇಂಥ ಅಗ್ಗದ ಅರಿವೆಗಳನ್ನು ಅವರು ಗೌರವದ ಉಡುಪಾಗಿಸಿದರು.

1943ರಲ್ಲಿ ಚರ್ಮದ ಪಾದರಕ್ಷೆಗೂ ಪಡಿತರ ಬಂತು. ಬ್ಯಾಲೆ ನರ್ತಕಿಯರ ಬಟ್ಟೆಯ ಚಪ್ಪಲಿಗೆ ಆ ನಿರ್ಬಂಧವಿರಲಿಲ್ಲ. ಕ್ಲೇರ್ ನೃತ್ಯದ ಪಾದರಕ್ಷೆ ತಯಾರಿಸುವ ಕೆಪೆಜಿಯೊ ಸಂಸ್ಥೆಯಿಂದ ಅವುಗಳಿಗೆ ಗಟ್ಟಿ ಅಟ್ಟೆ ಹಾಕಿಸಿ, ತಮ್ಮ ಉಡುಪಿನ ಬಟ್ಟೆಯನ್ನೇ ಹೊದಿಸಿ ಹೊರತಂದರು. ಇಂದು ಕಚೇರಿಗೆ ಹೋಗುವ ಹೆಣ್ಣುಮಕ್ಕಳ ಕಾಲಲ್ಲಿ ಕಾಣುವ ಚಪ್ಪಟೆಯ ಬ್ಯಾಲೆ ಚಪ್ಪಲಿ ಬೀದಿಗಿಳಿದು ಜನಪ್ರಿಯವಾದದ್ದರ ಹಿಂದೆ ಈ ಪಡಿತರದ ಕಥೆಯಿದೆ.

ವೈಯಕ್ತಿಕ ಬದುಕಿನಲ್ಲಿಯೂ 1943 ಮುಖ್ಯವಾದ ವರ್ಷ. ವಾಸ್ತುಶಿಲ್ಪಿ ಇರ್ವಿಂಗ್ ಡ್ರೌಟ್ ಹ್ಯಾರಿಸ್ ಅವರನ್ನು ಕ್ಲೇರ್ ವಿವಾಹವಾದರು. ಹ್ಯಾರಿಸ್ ಅವರಿಗೆ ಹಿಂದಿನ ಮದುವೆಯಿಂದ ಇಬ್ಬರು ಮಕ್ಕಳಿದ್ದರು. ವಿವಾಹದ ಬಳಿಕವೂ ಕ್ಲೇರ್ ಕೆಲಸ ಬಿಡಲಿಲ್ಲ, ಹೆಸರನ್ನೂ ಬದಲಿಸಲಿಲ್ಲ.

ಒಬ್ಬಳೇ ತೊಡಬಲ್ಲ ಉಡುಪು

ಕ್ಲೇರ್ ಅವರ ಉಡುಪುಗಳ ಸಣ್ಣಪುಟ್ಟ ಸಂಗತಿಗಳಲ್ಲಿ ಅವರ ದೃಷ್ಟಿ ಸ್ಪಷ್ಟವಾಗಿ ಕಾಣುತ್ತದೆ. ಆ ಕಾಲದ ಉಡುಪುಗಳಿಗೆ ಗುಂಡಿ, ಕೊಕ್ಕೆ, ಜಿಪ್ ಬೆನ್ನಿನ ಕಡೆ ಇರುವುದು ವಾಡಿಕೆ. ತೊಡಿಸಲು ದಾಸಿಯೋ ಗಂಡನೋ ಇರಬೇಕು. ನಗರದ ಕೋಣೆಯೊಂದರಲ್ಲಿ ಒಬ್ಬಳೇ ಇದ್ದು ದುಡಿಯುವ ಹೆಣ್ಣು ಬೆಳಗ್ಗೆ ಯಾರನ್ನು ಕರೆಯಬೇಕು? ಕ್ಲೇರ್ ಜಿಪ್ಪನ್ನು ಪಕ್ಕಕ್ಕೆ ತಂದರು. ಕೊಕ್ಕೆಗಳನ್ನು ಮುಚ್ಚಿಡದೆ ಮುಂದುಗಡೆಯೇ ಎದ್ದು ಕಾಣುವ ಹಿತ್ತಾಳೆಯ ಆಭರಣವನ್ನಾಗಿಸಿದರು. ಬಿಗಿಯುವುದು, ಸಡಿಲಿಸುವುದು ತೊಡುವವರ ಕೈಯಲ್ಲಿರಲೆಂದು ತೆಳುವಾದ ಉದ್ದನೆಯ ಲಾಡಿಗಳನ್ನು ಕೊಟ್ಟರು.

ಜೇಬು ಅವರ ಸಹಿಯಂತಿತ್ತು. ಕೆಲಸದ ಉಡುಪಿಗಷ್ಟೇ ಅಲ್ಲ, ಸಂಜೆಯ ಕೂಟದ ಉಡುಪಿಗೂ ಜೇಬು ಇರುತ್ತಿತ್ತು. ಕೈ ಇಡಲು ಜಾಗವಿದ್ದರೆ ನಾಲ್ಕು ಜನರ ಎದುರು ನಿಲ್ಲುವ ಹೆಣ್ಣಿಗೆ ಧೈರ್ಯ ಬರುತ್ತದೆಂಬುದು ಅವರ ಎಣಿಕೆ. ಭುಜ ಉಬ್ಬಿಸುವ ಒಳದಿಂಡು, ನಡು ಬಿಗಿಯುವ ಕಾರ್ಸೆಟ್ ಇವುಗಳಿಂದ ಅವರು ದೂರವೇ ಉಳಿದರು. ಬಹುಪಾಲು ಉಡುಪುಗಳು ಮನೆಯಲ್ಲೇ ಒಗೆಯಬಹುದಾದ ಬಟ್ಟೆಯವು.

1947ರಲ್ಲಿ ಪ್ಯಾರಿಸ್‌ನಿಂದ ಮತ್ತೆ ಬಿರುಗಾಳಿ ಬೀಸಿತು. ಕ್ರಿಶ್ಚಿಯನ್ ಡಿಯೋರ್ ತಂದ ಹೊಸ ಶೈಲಿಯಲ್ಲಿ ನಡು ಬಿಗಿದು, ಮೀಟರುಗಟ್ಟಲೆ ಬಟ್ಟೆಯ ಉದ್ದ ಲಂಗ ಹರಡಿಕೊಂಡಿತ್ತು. ಯುದ್ಧದ ಬಳಿಕ ಹೆಂಗಸರನ್ನು ಉದ್ಯೋಗದಿಂದ ಮನೆಗೆ ಕಳುಹಿಸುತ್ತಿದ್ದ ಕಾಲ ಅದು. ಕ್ಲೇರ್ ಕೂಡ ಅಗಲ ನೆರಿಗೆಯ ಲಂಗ ಹೊಲಿಸಿದರು, ಆದರೆ ಒಳಗೆ ಬಿಗಿಕಟ್ಟು ಹಾಕಲಿಲ್ಲ. ಅವರ ಲಂಗ ತೊಟ್ಟವಳು ಬಸ್ಸು ಹತ್ತಬಹುದಿತ್ತು, ಸೈಕಲ್ ತುಳಿಯಬಹುದಿತ್ತು. ಮನೆಯಲ್ಲಿ ಉಳಿದವಳಿಗೂ ಕೆಲಸದಲ್ಲಿ ಮುಂದುವರಿದವಳಿಗೂ ಅದು ಸಮಾನವಾಗಿ ಒದಗುತ್ತಿತ್ತು.

ಪ್ರಶಸ್ತಿಗಳು ಒಂದರ ಹಿಂದೊಂದು ಬಂದವು. 1944ರಲ್ಲಿ ಕೋಟಿ ಪ್ರಶಸ್ತಿ, 1948ರಲ್ಲಿ ನೀಮನ್ ಮಾರ್ಕಸ್ ಪ್ರಶಸ್ತಿ. 1950ರಲ್ಲಿ ಮಹಿಳಾ ಪತ್ರಕರ್ತರ ರಾಷ್ಟ್ರೀಯ ಸಂಘದ ಗೌರವವನ್ನು ಅಧ್ಯಕ್ಷ ಟ್ರೂಮನ್ ಅವರ ಕೈಯಿಂದ ಸ್ವೀಕರಿಸಿದರು. 1952ರಲ್ಲಿ ಟೌನ್ಲಿಯ ಪಾಲುದಾರರಾದರು. ಒಂದು ಕಾಲಕ್ಕೆ ಹೆಸರೂ ಇಲ್ಲದೆ ದುಡಿದ ಕಂಪನಿಯಲ್ಲಿ ಈಗ ಅವರದೇ ಪಾಲು. 1955ರ ಮೇ ತಿಂಗಳಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು. ತಾವು ಕಲಿತ ಪಾರ್ಸನ್ಸ್ ಶಾಲೆಯಲ್ಲಿ ಹೊಸಬರಿಗೆ ಕಲಿಸಿದರು.

1956ರಲ್ಲಿ ತಮ್ಮ ಅನುಭವವನ್ನೆಲ್ಲ ಒಂದು ಪುಸ್ತಕವಾಗಿ ತಂದರು. ಏನನ್ನು, ಎಲ್ಲಿಗೆ, ಯಾವಾಗ ತೊಡಬೇಕು, ಅದಕ್ಕೆ ಎಷ್ಟು ಖರ್ಚು ಮಾಡಬೇಕು ಎಂಬುದು ಅದರ ವಸ್ತು.

ಆಸ್ಪತ್ರೆಯ ಹಾಸಿಗೆಯಿಂದ

ಹೆಸರು, ಹಣ, ಅಧಿಕಾರ ಎಲ್ಲವೂ ಕೂಡಿಬಂದ ಹೊತ್ತಿಗೆ ಆರೋಗ್ಯ ಕೈಕೊಟ್ಟಿತು. 1957ರಲ್ಲಿ ಕ್ಲೇರ್ ಅವರಿಗೆ ಕರುಳಿನ ಕ್ಯಾನ್ಸರ್ ಇರುವುದು ತಿಳಿಯಿತು. ಮುಂದಿನ ಋತುವಿನ ಸಂಗ್ರಹ ಇನ್ನೂ ಸಿದ್ಧವಾಗಬೇಕಿತ್ತು.

ಕಾಲು ಶತಮಾನದ ಹಿಂದೆ ಟರ್ಕ್ ಅವರ ಸಾವಿನಿಂದ ಅರ್ಧಕ್ಕೆ ನಿಂತ ಸಂಗ್ರಹವನ್ನು ಮುಗಿಸಿದವರು ಅವರು. ತಮ್ಮ ಸಂಗ್ರಹ ಅರ್ಧಕ್ಕೆ ನಿಲ್ಲಲು ಅವರು ಬಿಡಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲೇ ಗೆರೆ ಎಳೆದರು. ವಿದ್ಯಾರ್ಥಿ ದೆಸೆಯಿಂದಲೂ ಗೆಳತಿಯಾಗಿದ್ದ ವಿನ್ಯಾಸಕಿ ಮಿಲ್ಡ್ರೆಡ್ ಓರಿಕ್ ಅವುಗಳನ್ನು ಬಟ್ಟೆಗಿಳಿಸಲು ನೆರವಾದರು. ಪ್ರದರ್ಶನದ ದಿನ ಕ್ಲೇರ್ ಆಸ್ಪತ್ರೆಯಿಂದ ಎದ್ದು ಬಂದು ತಮ್ಮ ಕೊನೆಯ ಸಂಗ್ರಹವನ್ನು ತಾವೇ ಪರಿಚಯಿಸಿದರು.

1958ರ ಮಾರ್ಚ್ 22ರಂದು ನ್ಯೂಯಾರ್ಕ್‌ನಲ್ಲಿ ಅವರು ಕೊನೆಯುಸಿರೆಳೆದರು. ಹುಟ್ಟೂರು ಫ್ರೆಡರಿಕ್‌ನಲ್ಲಿ ಅವರನ್ನು ಸಮಾಧಿ ಮಾಡಲಾಯಿತು. ಬೇರೊಬ್ಬರ ಕೈಯಲ್ಲಿ ಅವರ ಹೆಸರಿನ ಉಡುಪು ಮುಂದುವರಿಯುವುದು ಕುಟುಂಬಕ್ಕೆ ಬೇಕಿರಲಿಲ್ಲ. ಹೋರಾಡಿ ಪಡೆದ ಆ ಹೆಸರಿನ ಪಟ್ಟಿ ಅವರೊಂದಿಗೇ ಕೊನೆಗೊಂಡಿತು.

ಉಳಿದ ಬಳುವಳಿ

ಹೆಸರಿನ ಪಟ್ಟಿ ಇಲ್ಲವಾದ್ದರಿಂದ ಕ್ಲೇರ್ ಅವರ ನೆನಪು ಸಾಮಾನ್ಯ ಜನರಲ್ಲಿ ಮಸುಕಾಯಿತು. ಡಿಯೋರ್, ಶನೆಲ್ ಹೆಸರು ಬಲ್ಲವರಿಗೂ ಮಕಾರ್ಡೆಲ್ ಹೆಸರು ಅಷ್ಟಾಗಿ ತಿಳಿದಿಲ್ಲ. ಆದರೆ ಅವರ ಲೆಕ್ಕ ಮಾತ್ರ ಉಳಿಯಿತು. 1985ರಲ್ಲಿ ನ್ಯೂಯಾರ್ಕ್‌ನ ಡೋನಾ ಕರನ್ ಕಚೇರಿಗೆ ಹೋಗುವ ಮಹಿಳೆಯರಿಗಾಗಿ ಏಳು ಬಟ್ಟೆಗಳ ಸಂಗ್ರಹ ತಂದು ಗೆದ್ದಾಗ, ಅದರ ಬೆನ್ನೆಲುಬಾಗಿದ್ದದ್ದು 1934ರ ಐದು ಬಟ್ಟೆಗಳ ತತ್ವವೇ. ಇಂದು ಕ್ಯಾಪ್ಸೂಲ್ ವಾರ್ಡ್‌ರೋಬ್ ಎಂಬ ಹೆಸರಿನಲ್ಲಿ ಚಲಾವಣೆಯಲ್ಲಿರುವುದೂ ಅದೇ.

ಅಮೆರಿಕ ತಡವಾಗಿಯಾದರೂ ಅವರನ್ನು ನೆನೆಯಿತು. 1990ರಲ್ಲಿ ಲೈಫ್ ಪತ್ರಿಕೆ 20ನೇ ಶತಮಾನದ ನೂರು ಪ್ರಮುಖ ಅಮೆರಿಕನ್ನರ ಪಟ್ಟಿಯಲ್ಲಿ ಅವರನ್ನು ಸೇರಿಸಿತು. 2021ರಲ್ಲಿ ಫ್ರೆಡರಿಕ್ ಪಟ್ಟಣದಲ್ಲಿ ಅವರ ಕಂಚಿನ ಪ್ರತಿಮೆ ಸ್ಥಾಪನೆಯಾಯಿತು. ಅವರ 1956ರ ಪುಸ್ತಕ 2022ರಲ್ಲಿ ಮರುಮುದ್ರಣ ಕಂಡಿತು.

ಬಹುಕಾಲದ ನಂತರ ಕೆಲಸಕ್ಕೆ ಮರಳುವ ಮಹಿಳೆಗೆ ಈ ಬದುಕಿನಲ್ಲಿ ಉಪಯುಕ್ತವಾದ ಪಾಠಗಳಿವೆ. ಒಂದೇ ಬಣ್ಣದ ಕುಟುಂಬಕ್ಕೆ ಸೇರಿದ ಎರಡು ಮೂರು ಮೇಲುಡುಪು, ಅವುಗಳಲ್ಲಿ ಪ್ರತಿಯೊಂದಕ್ಕೂ ಒಪ್ಪುವ ಎರಡು ಮೂರು ಕೆಳ ಉಡುಪು. ಮನೆಯಲ್ಲೇ ಒಗೆಯಬಹುದಾದ, ಬೇಗ ಸುಕ್ಕಾಗದ ಬಟ್ಟೆ. ಮೈ ತುಸು ಬದಲಾದರೂ ಹೊಂದಿಕೊಳ್ಳುವ ಲಾಡಿ ಅಥವಾ ಪಟ್ಟಿ. ನಡೆಯಲು ಬರುವ ಪಾದರಕ್ಷೆ, ಕೈ ಇಡಲು ಬರುವ ಜೇಬು. ಹೊಸ ಬಟ್ಟೆಯೊಂದನ್ನು ಕೊಳ್ಳುವ ಮುನ್ನ ಅದು ಬೀರುವಿನಲ್ಲಿರುವ ಕನಿಷ್ಠ ಮೂರರೊಂದಿಗೆ ಕೂಡುತ್ತದೆಯೇ ಎಂದು ನೋಡಿದರೆ ಹಣವೂ ಉಳಿಯುತ್ತದೆ, ಬೆಳಗಿನ ಹೊತ್ತೂ ಉಳಿಯುತ್ತದೆ.

ಅಂಗಡಿಗಳು ಬೇಡವೆಂದ ಐದು ಬಟ್ಟೆಗಳನ್ನು ಕ್ಲೇರ್ ಕೈಬಿಡಲಿಲ್ಲ. ತಾವೇ ತೊಟ್ಟು ನಡೆದರು, ಕಾಲ ಬದಲಾಗುವವರೆಗೆ ಕಾದರು. ಕಚೇರಿಯ ಬೆಳಗಿನ ಧಾವಂತದಲ್ಲಿ ಕೈಗೆ ಸಿಕ್ಕ ಮೇಲುಡುಪನ್ನು ಕೈಗೆ ಸಿಕ್ಕ ಕೆಳ ಉಡುಪಿನೊಂದಿಗೆ ಹೊಂದಿಸಿಕೊಂಡು ನೆಮ್ಮದಿಯಿಂದ ಹೊರಡುವ ಇಂದಿನ ಮಹಿಳೆಯರು ತಮಗೆ ತಿಳಿಯದೆಯೇ ಆ ಕಾಯುವಿಕೆಯ ಫಲವನ್ನು ಉಣ್ಣುತ್ತಿದ್ದಾರೆ.